ಬಸಯ್ಯನ ಖಾಕಿ ಪಾಕೀಟು

ಟಿಳಕವಾಡಿಯ ಬಸಯ್ಯ ಮೂವತ್ತು ವರ್ಷದಿಂದ ಲಗ್ನಪತ್ರಿಕೆಗೆ ಪಾಕೀಟು ಮಾಡುವವನು. ಬೆಳಗಾವಿಯ ಅರ್ಧ ಸಂಸಾರಗಳು ಅವನ ಪಾಕೀಟಿನಿಂದ ಹೊರಬಿದ್ದವು. ಉಳಿದರ್ಧ ಓಡಿಹೋಗಿ ಮದುವೆಯಾದವು. ಅವನ ಅಂಟು ಎಂಥದೆಂದರೆ, ಹಸಿ ಪಾಕೀಟಿನ ಮೇಲೆ ಕೂತ ಒಂದು ನೊಣ ಇಪ್ಪತ್ತು ವರ್ಷದಿಂದ ಲೋಂಡಾದ ಮನೆಯೊಂದರಲ್ಲಿ ಪಾಕೀಟಿಗೆ ಅಂಟಿಕೊಂಡೇ ಇದೆ. ಆ ಮದುಮಕ್ಕಳು ಬೇರೆಯಾಗಿ ಹತ್ತು ವರ್ಷವಾಯಿತು.

ಕಳೆದ ಬೇಸಿಗೆಯಲ್ಲಿ ಖಾನಾಪುರದಿಂದ ನಿವೃತ್ತ ಹವಾಲ್ದಾರ ಸಿದರಾಯ ಬಂದ. ಅಲ್ಲಿ ಮಾಜಿ ಸೈನಿಕರು ಸೇರಿ ಒಂದು ಸಣ್ಣ ವಸ್ತುಸಂಗ್ರಹಾಲಯ ನಡೆಸುತ್ತಾರೆ: ಹಳೇ ಸಮವಸ್ತ್ರ, ಪದಕಗಳು, ಗುಂಡು ತೂರಿದ ನೀರಿನ ಬಾಟಲಿ. ಮಾಡಿನ ಹಂಚು ಒಡೆದಿತ್ತು.

“ಮಳಿ ಬರೂದ್ರಾಗ ಹಂಚು ಹಾಕಸ್ಲಿಲ್ಲಂದ್ರ ಸಾಮಾನೆಲ್ಲಾ ಪೆಟ್ಟಿಗಿ ತುಂಬಿ ಪುಣೆದ ದೊಡ್ಡ ಸಂಗ್ರಹಾಲಯಕ್ಕ ಒಯ್ತಾರ, ಬಸಯ್ಯಾ. ನೂರು ಫೌಜಿ ಮನಿಗೆ ಪತ್ರ ಹಾಕಿ ದೇಣಿಗಿ ಕೇಳ್ತೀವಿ. ಪಾಕೀಟು ಜೋರ್ ಇರ್ಲಿ.”

“ಪೋಸ್ಟಮನ್ ಸಲ್ಯೂಟ್ ಹೊಡದು ಕೊಡಬೇಕು, ಹಂಗ ಮಾಡ್ತೀನಿ ತಗೋ!”

ಮಾಡಿದ. ಖಾಕಿ ಕಾಗದ, ಕತ್ತಿಯ ಚಿಹ್ನೆ, ಕೆಂಪು ಮೊಹರಿನಲ್ಲಿ ‘ತುರ್ತು’. ನೂರೂ ಹೋದವು. ಇಪ್ಪತ್ತು ದಿನವಾದರೂ ಒಂದು ಉತ್ತರವಿಲ್ಲ. ಚಿಂತೆಯಲ್ಲಿ ಬಸಯ್ಯ ಊಟ ಬಿಟ್ಟ. ಅಂದರೆ, ಮೂರನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟ.

ಕಾರಣ ತಿಳಿಯಲು ಇಬ್ಬರೂ ನಂದಗಡದ ಮಾಯವ್ವನ ಮನೆಗೆ ಹೋದರು. ಆಕೆಯ ಮಗ ಅಮರ ಸೈನ್ಯದಲ್ಲಿದ್ದಾನೆ. ಪಾಕೀಟು ದೇವರ ಜಗಲಿಯ ಮೇಲೆ ದಾಸವಾಳ ಮುಡಿದು ಕೂತಿತ್ತು. ಒಡೆದಿರಲಿಲ್ಲ.

“ಯಾಕವ್ವಾ?” ಎಂದ ಸಿದರಾಯ.

“ಮಗಾ ಫೌಜಿನ್ಯಾಗ ಅದಾನ. ಖಾಕಿ ಪಾಕೀಟು, ಕೆಂಪು ಮೊಹರು! ಒಳಗ ಎಂಥಾ ಸುದ್ದಿ ಅದ ಏನೋ, ಹೆಂಗ ಒಡೀಲೊ? ಅಮರ ಫೋನ್ ಹಚ್ಚಿ ‘ಅರಾಮ ಅದೀನಿ’ ಅಂದಾ. ಆದ್ರೂ ಕೈ ಬರವಲ್ದು. ದೇವ್ರ ಓದ್ಲಿ ಅಂತ ಇಟ್ಟೀನಿ. ಯಾಂವ ಅಂವಾ, ಇದನ್ನ ಮಾಡಿದ ಹುಚ್ಚಪ್ಯಾಲಿ?”

ಸಿದರಾಯ ಜಂತಿ ಎಣಿಸತೊಡಗಿದ. ಬಸಯ್ಯ ಹುಟ್ಟಿದಾಗಿನಿಂದ ಮೊದಲ ಬಾರಿ ಮೆಲ್ಲಗೆ ಮಾತಾಡಿದ: “ನಾನ ಯವ್ವಾ. ಲಗ್ನದ ಪಾಕೀಟು ಮಾಡಾಂವ.”

“ಲಗ್ನದ್ದು ಮಾಡಾಂವಗ ಇಷ್ಟು ತಿಳಿಯಂಗಿಲ್ಲೇನು? ನಾಕು ಮೂಲಿಗೆ ಅರಿಶಿಣ ಹಚ್ಚಿದ್ರ ಹಲ್ಲಿಲೇ ಹರದು ಓದತಿದ್ದೆ!”

ಬಸಯ್ಯ ಮರುದಿನವೇ ಬಿಳಿ ಕಾಗದಕ್ಕೆ ಕೂತ. ನೂರು ಪಾಕೀಟು, ನಾನೂರು ಮೂಲೆ. ಅವನ ಹೆಬ್ಬೆಟ್ಟು ನೋಡಿದ ಇಬ್ಬರು ಕಾಮಾಲೆಗೆ ಔಷಧ ಹೇಳಿದರು. ಒಳಗಿನ ಪತ್ರದಲ್ಲಿ ಇಷ್ಟೇ: ಮಾಡಿಗೆ ಹಂಚು ಬೇಕು, ಭಾನುವಾರ ಬಂದು ನೋಡಿ.

ಭಾನುವಾರ ಇಳಕಲ್ ಸೀರೆ, ಪಟಕಗಳ ಪ್ರವಾಹವೇ ಖಾನಾಪುರಕ್ಕೆ ನುಗ್ಗಿತು. ಅರಿಶಿಣ ಹಚ್ಚಿ ಕರೆದಲ್ಲಿಗೆ ಬರಿಗೈಯಲ್ಲಿ ಹೋಗುವುದುಂಟೆ? ಪ್ರತಿ ಮನೆಯವರೂ ಮದುವೆಗೆ ಕೊಡುವ ಹಾಗೆ ಆಹೇರಿ ತಂದಿದ್ದರು: ಹಂಚಿನ ಕಟ್ಟು, ಮೇಲೊಂದು ಕುಬಸದ ಖಣ. ಇಳಿಸಿದವರೆಲ್ಲ ಕೇಳಿದ್ದು ಒಂದೇ: “ಊಟಕ್ಕ ಏನ್ ಮಾಡೀರಿ?”

ಸಿದರಾಯನ ಬಳಿ ಚಹಾಪುಡಿಯೂ ಇರಲಿಲ್ಲ. ಗಡಿಯಲ್ಲಿ ಬೆವರದವನು ಅಲ್ಲಿ ಎರಡು ಕೊಡ ಬೆವರಿದ.

“ಗಂಡಸ್ರು ಹಂಚು ಏರಸ್ರಿ,” ಎಂದು ಮಾಯವ್ವ ಸೆರಗು ಸಿಕ್ಕಿಸಿದಳು. “ಅಂಗಡ್ಯಾಗಿಂದ ರವಾ-ಬೆಲ್ಲ ತರಸ್ತೀನಿ, ಅಷ್ಟ್ರಾಗ ಸಜ್ಜಕ ಆಗ್ತದ.”

ಸಂಜೆಗೆ ಮಾಡು ಸಿದ್ಧ. ಸಜ್ಜಕವೂ ಖಾಲಿ. ಹೊರಡುವಾಗ ಮಾಯವ್ವ ಚೀಲದಿಂದ ಆ ಖಾಕಿ ಪಾಕೀಟು ತೆಗೆದು ಸಿದರಾಯನ ಕೈಗಿಟ್ಟಳು. “ಇದು ನನ್ನ ಮನ್ಯಾಗ ಬ್ಯಾಡಪಾ. ಇಲ್ಲೇ ಇರ್ಲಿ.”

ಈಗದು ಗುಂಡು ತೂರಿದ ಬಾಟಲಿಯ ಬಾಜು, ಗಾಜಿನ ಪೆಟ್ಟಿಗೆಯಲ್ಲಿದೆ. ಬಸಯ್ಯ ತಿಂಗಳಿಗೊಮ್ಮೆ ಹೋಗಿ ಗಾಜು ಒರೆಸುತ್ತಾನೆ. ಯಾರಾದರೂ ಬಗ್ಗಿ ನೋಡಿದರೆ ಸಾಕು:

“ಅಂಟು ನೋಡ್ರಿ ಅಂಟು. ಇನ್ನೂ ಬಿಟ್ಟಿಲ್ಲ!”