ನೆರಳು ಬೀಳದ ಸೂರು

ಕೊಪ್ಪದಲ್ಲಿ ದಪ್ಪಮೆಣಸು ಬೆಳೆಯುವ ನಮ್ಮ ಪಾಲಿಹೌಸಿಗೆ ನನ್ನ ತಮ್ಮ ಹಾಲುಬಣ್ಣದ ಪ್ಲಾಸ್ಟಿಕ್ ಶೀಟು ಹೊದಿಸಿದಾಗ ನಾನು ಜಗಳಕ್ಕೇ ನಿಂತೆ. ಅದರ ಕೆಳಗೆ ನನ್ನ ನೆರಳೇ ಬೀಳುತ್ತಿರಲಿಲ್ಲ. ನೆರಳಿಲ್ಲದ ಕಡೆ ಬಿಸಿಲೆಲ್ಲಿಂದ ಬರಬೇಕು? ಹಟ ಹಿಡಿದು ಅರ್ಧ ಸೂರಿಗೆ ಗಾಜಿನಂಥ ತಿಳಿ ಶೀಟು ಹಾಕಿಸಿದೆ.

ಬೇಸಿಗೆಗೆ ತಿಳಿ ಶೀಟಿನ ಕೆಳಗೆ ದಪ್ಪಮೆಣಸಿನ ಗಿಡಗಳ ತುದಿ ಎಲೆ ಸುಟ್ಟುಹೋದವು. ಅವುಗಳ ನೆರಳಲ್ಲಿ ಬುಡದ ಎಲೆ ಹಳದಿಯಾಗಿ ಉದುರಿದವು. ಹಾಲುಬಣ್ಣದ ಶೀಟು ಬಿಸಿಲನ್ನು ಎಲ್ಲ ಕಡೆಗೂ ಚೆದುರಿಸಿತ್ತು. ಅಲ್ಲಿ ಬುಡದವರೆಗೂ ಕಾಯಿ.

ಕಾಯಿ ಕೀಳುತ್ತಿದ್ದ ಅವ್ವನಿಗೆ ಇದನ್ನೆಲ್ಲ ಮೇಷ್ಟರಂತೆ ವಿವರಿಸಿದೆ. ಅವಳು ತಲೆಯೆತ್ತಲಿಲ್ಲ.

"ನೀನಾಕ್ಸಿದ ಶೀಟು ನಮ್ಮನೆ ಊಟದಂಗೆ ಕಣ್ಲಾ. ಮೇಲಿನೋರು ಉಂಡು ಮಿಕ್ಕಿದ್ರೆ ಬುಡದೋರ್ಗೆ."

ಅಂದು ಮಧ್ಯಾಹ್ನ ಮುದ್ದೆಗೆ ಕೂತೆವು. ಮನೆಯಲ್ಲಿರುವುದು ಮೂವರು, ಹಾಕಿದ್ದ ತಟ್ಟೆ ಎರಡೇ. ಅವ್ವ ಬಡಿಸುತ್ತಾ ನಿಂತಿದ್ದಳು.