ಬಗ್ಗಲೇಬೇಕಾದ ತುಂಡು

ಮಂಡಿ ಸವೆದ ಮೇಲೆ ನನಗೆ ನಡೆಯುವುದು ಕಷ್ಟ, ಸೈಕಲ್ ತುಳಿಯುವುದು ಸುಲಭ. ಕಾರ್ಖಾನೆಯ ಸೈರನ್ನಿಗೆ ಒಗ್ಗಿದ ಮೈ ನಿವೃತ್ತಿಯಾದರೂ ಅದೇ ಹೊತ್ತಿಗೆ ಏಳುತ್ತದೆ. ಎದ್ದ ಮೇಲೆ ನನ್ನ ಹಳೆಯ ಮೌಂಟನ್ ಬೈಕ್ ಹತ್ತಿ ಜಿಗಣಿಯಿಂದ ಆನೇಕಲ್ ಕಡೆಗೆ ಒಂದು ಸುತ್ತು. ಅದಿಲ್ಲದಿದ್ದರೆ ದಿನವೆಲ್ಲ ಕುರ್ಚಿಯೇ ಗತಿ.

ಒಂದು ದಿನ ಪಕ್ಕದಲ್ಲಿ ನಿಲ್ಲಿಸಿದ್ದ ಸ್ಕೂಟರ್ ಸೈಕಲ್ಲಿನ ಮೇಲೆ ಉರುಳಿತು. ಹಿಂದಿನ ಗೇರ್ ಜಖಂ ಆಯಿತು. ಆ ಗೇರನ್ನು ಫ್ರೇಮಿಗೆ ಹಿಡಿದಿಡುವ ಹೆಬ್ಬೆರಳಿನಷ್ಟು ಪಟ್ಟಿ, ಹ್ಯಾಂಗರ್, ಎರಡು ತುಂಡಾಯಿತು. ಹೇಗೂ ಕೈ ಹಾಕಿದ್ದಾಯಿತು ಎಂದು ಸೈಕಲನ್ನು ಪೂರ್ತಿ ಬಿಚ್ಚಿದೆ. ವರಾಂಡದಲ್ಲಿ ಹಳೆಯ ಪಂಚೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಬೋಲ್ಟುಗಳನ್ನು ಜೋಡಿಸಿಟ್ಟು, ಯಾರೂ ದಾಟಬಾರದೆಂದು ಹೇಳಿದೆ.

“ಅಡುಗೆಮನೆಗೆ ಹೋಗೋಕೂ ಗೇಟ್ ಪಾಸ್ ಬೇಕೇನ್ರೀ?” ಎಂದಳು ಹೆಂಡತಿ.

ಚೈನು, ಕೇಬಲ್ಲು, ಫ್ರೀವೀಲು, ಗೇರು ಎಲ್ಲ ಹೊಸದು ಸಿಕ್ಕಿತು. ಹ್ಯಾಂಗರ್ ಸಿಗಲಿಲ್ಲ. “ಈ ಮಾಡೆಲ್ ನಿಂತೋಗಿದೆ ಸಾರ್. ಹೊಸ ಬೈಕೇ ತಗೊಳ್ಳಿ,” ಎಂದ ಅಂಗಡಿಯವನು.

ತುಂಡುಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಪೀಣ್ಯಕ್ಕೆ ಹೋದೆ. ಹಿಂದೆ ನನ್ನ ಪಕ್ಕದ ಮೆಷಿನ್ನಿನಲ್ಲಿ ದುಡಿಯುತ್ತಿದ್ದ ಗೆಳೆಯ ಅಲ್ಲೊಂದು ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾನೆ.

“ಇದೇನ್ ಗುರು, ಬಿಸ್ಕತ್ತಾ? ಮುರೀದೆ ಇನ್ನೇನಾಗುತ್ತೆ? ನಾನ್ ಮಾಡ್ಕೊಡ್ತೀನಿ ಇರು.”

ಮಧ್ಯಾಹ್ನದೊಳಗೆ ಗಟ್ಟಿ ಸ್ಟೀಲಿನಲ್ಲಿ ಒಂದನ್ನು ಮಾಡಿ ಕೈಯಲ್ಲಿಟ್ಟ. ಕನ್ನಡಿಯಂಥ ಫಿನಿಶ್. ಟೀ ಕುಡಿಯುತ್ತ ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು.

ಮನೆಯಲ್ಲಿ ಅದನ್ನು ಕೂರಿಸುವಾಗ ಕೈ ನಿಂತಿತು. ಫ್ರೇಮ್ ಅಲ್ಯೂಮಿನಿಯಮ್ಮಿನದು. ಮತ್ತೆ ಪೆಟ್ಟು ಬಿದ್ದರೆ ಈ ಸ್ಟೀಲು ಬಗ್ಗುವುದಿಲ್ಲ, ತಾನು ಕೂತಿರುವ ಫ್ರೇಮಿನ ಕಿವಿಯನ್ನೇ ಕಿತ್ತುಕೊಂಡು ಬರುತ್ತದೆ. ಆಮೇಲೆ ಸೈಕಲ್ ಗುಜರಿಗೆ, ನಾನು ಕುರ್ಚಿಗೆ. ನಮ್ಮ ಕಾರ್ಖಾನೆಯ ಪ್ರೆಸ್ಸಿನಲ್ಲೂ ಒತ್ತಡ ಮೀರಿದರೆ ಮೆಷಿನ್ನಿಗಿಂತ ಮೊದಲು ಅದೇ ತುಂಡಾಗಲಿ ಎಂದು ಒಂದು ಮೆತ್ತನೆಯ ಪಿನ್ ಹಾಕುತ್ತಿದ್ದೆವು. ಸೈಕಲ್ ಎಂದ ಕೂಡಲೇ ಇಬ್ಬರಿಗೂ ಅದು ಮರೆತೇ ಹೋಗಿತ್ತು.

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನು ಲೇತ್ ಆಫ್ ಮಾಡಿ ಕೇಳಿದ.

“ಅಂದ್ರೆ ನನ್ನ ಪೀಸು ರಿಜೆಕ್ಟು?”

“ಅಳತೆ ಕರೆಕ್ಟಾಗಿದೆ ಕಣೋ. ಜಾಸ್ತಿ ಗಟ್ಟಿ ಆಗಿದೆ.”

“ಜೀವಮಾನವೆಲ್ಲ ಮುರೀಬಾರ್ದು ಅಂತ ಮಾಡ್ಕೊಂಡ್ ಬಂದೋನು ನಾನು. ಈಗ ಮುರಿಯೋದನ್ನ ಮಾಡ್ಕೊಡು ಅಂತೀಯಲ್ಲ!”

ಬೈದುಕೊಂಡೇ ಫ್ರೇಮಿಗಿಂತ ಮೆತ್ತನೆಯ ಅಲ್ಯೂಮಿನಿಯಮ್ಮಿನಲ್ಲಿ ಇನ್ನೊಂದು ಮಾಡಿದ. ಅದರ ಜೊತೆಗೊಂದು ಸ್ಪೇರನ್ನೂ ಮಾಡಿಕೊಟ್ಟ. ಹಳೆಯದರಂತೆಯೇ ಕೂತವು.

ಕೆಲವು ವಾರಗಳ ನಂತರ ಆನೇಕಲ್ ರಸ್ತೆಯಲ್ಲಿ ನಾಯಿಯೊಂದು ಅಡ್ಡ ಬಂದು, ನಾನು ಸೈಕಲ್ ಸಮೇತ ಮಣ್ಣಿಗೆ ಬಿದ್ದೆ. ಮೊಣಕೈ ತರಚಿತ್ತು ಅಷ್ಟೆ. ಗೇರ್ ಒಳಕ್ಕೆ ವಾಲಿತ್ತು. ಕೂತಲ್ಲೇ ಗೆಳೆಯನಿಗೆ ಫೋನ್ ಮಾಡಿದೆ.

“ನಿನ್ನ ಪೀಸು ಬಗ್ಗಿಹೋಯ್ತು.”

“ಫ್ರೇಮು?”

“ಏನೂ ಆಗಿಲ್ಲ.”

“ಪಾಸ್ ಕಣೋ!” ಎಂದು ಕೂಗಿದ. ನನಗೆ ಪೆಟ್ಟಾಯಿತೇ ಎಂದು ಕೇಳುವುದು ಅವನಿಗೆ ಆಮೇಲೆ ನೆನಪಾಯಿತು.

ಸೀಟಿನ ಕೆಳಗಿನ ಚೀಲದಿಂದ ಸ್ಪೇರ್ ತೆಗೆದು ಅಲ್ಲೇ ಹಾಕಿಕೊಂಡೆ. ತಿಂಡಿಯ ಹೊತ್ತಿಗೆ ಮನೆಯಲ್ಲಿದ್ದೆ.