ಅತ್ತಿಗೆಯ ಭೂಪಟದ ಬಿಳಿ ಚೌಕ

ಗಂಟಲು ದೊಡ್ಡದಿದ್ದವನೇ ದೊಡ್ಡ ಮನುಷ್ಯ ಎನಿಸಿಕೊಳ್ಳುವ ಕಾಲವಿದು. ಅತ್ತಿಗೆಯ ಕೈಯಲ್ಲಿದ್ದ, ಹವ್ಯಾಸಿಗಳು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಶಕ್ತಿಯೋ, ಒಂದು ಸಣ್ಣ ಬಲ್ಬು ಉರಿಸುವಷ್ಟು. ಹಗಲೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ಯಂತ್ರಗಳ ಗದ್ದಲದ ನಡುವೆ ರೋಗಿಗಳ ಹಾಸಿಗೆ ಬಟ್ಟೆ ಒಗೆದು, ಮನೆಗೆ ಬಂದವಳೇ ತಾರಸಿ ಹತ್ತುತ್ತಿದ್ದಳು. ಬಡಗಿ ಎಸೆದಿದ್ದ ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ, ಪ್ಲಾಸ್ಟಿಕ್ ಪೈಪಿಗೆ ಬಿಗಿದು ತಾನೇ ಮಾಡಿಕೊಂಡ ಆಂಟೆನಾವನ್ನು ಮುಗಿಲಿಗೆ ಹಿಡಿಯುತ್ತಿದ್ದಳು. ಹಾದುಹೋಗುವ ಉಪಗ್ರಹ ಅವಳ ಮಾತನ್ನು ಹಿಡಿದು ಸಮುದ್ರದಾಚೆಗೆ ದಾಟಿಸುತ್ತಿತ್ತು.

ಜೊತೆಗಿದ್ದ ನಾದಿನಿಗೆ ಇದೆಲ್ಲ ತಮಾಷೆ. "ಆ ಮೀನಿನ ಮುಳ್ಳಿಗೆ ಬೆಕ್ಕೂ ಬರಲ್ಲ ಅತ್ತಿಗೆ, ಉಪಗ್ರಹ ಬರುತ್ತಾ?"

"ಬರುತ್ತೆ ಕಣೇ. ನೀನು ಆ ಪಡುವಣದ ತಂತಿ ಮೇಲೆ ಬಟ್ಟೆ ಹಾಕೋದು ಬಿಡು. ಮುಳ್ಳು ಸಿಕ್ಕಿಕೊಳ್ಳುತ್ತೆ."

"ಬಿಸಿಲು ಬೀಳೋದೇ ಅಲ್ಲಿ. ನಿಮ್ಮ ಉಪಗ್ರಹ ಬಂದು ಬಟ್ಟೆ ಒಣಗಿಸುತ್ತಾ?"

ಅತ್ತಿಗೆಯ ಕೋಣೆಯ ಗೋಡೆಯಲ್ಲಿ ಚೌಕ ಚೌಕವಾಗಿ ಗೆರೆ ಎಳೆದ ಭೂಪಟವಿತ್ತು. ಮಾತು ಮುಟ್ಟಿದ ಚೌಕಕ್ಕೆ ಬಣ್ಣ. ಕಡಲಿನ ನಡುವೆ ಮಾತ್ರ ಒಂದು ಚೌಕ ಬೆಳ್ಳಗೇ ಉಳಿದಿತ್ತು. ಅಲ್ಲಿರುವುದು ಬರೀ ಬಂಡೆಯ ದ್ವೀಪ, ಜನರಿಲ್ಲ. ಈಗ ಅಲ್ಲಿನ ದೀಪಸ್ತಂಭ ರಿಪೇರಿಗೆ ಹೋದವನೊಬ್ಬ ಜೊತೆಗೆ ರೇಡಿಯೋ ಒಯ್ದಿದ್ದ. ಅವನ ದೋಣಿ ಹೊರಡುವುದು ಇವತ್ತೇ. ಅದಕ್ಕೆ ಮೊದಲು ಉಪಗ್ರಹ ಹಾಯುವುದು ಒಂದೇ ಸಲ. ಇದು ತಪ್ಪಿದರೆ ಆ ಚೌಕ ಇನ್ನೆಷ್ಟು ವರ್ಷ ಬೆಳ್ಳಗಿರುವುದೋ!

ಆ ಉಪಗ್ರಹ ಒಮ್ಮೆಗೆ ಒಂದೇ ದನಿ ಹೊರಬಲ್ಲದು. ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿನದು ತೇಲುತ್ತದೆ, ಸಣ್ಣದು ಮುಳುಗುತ್ತದೆ. ಆದ್ದರಿಂದ ಮೊದಲು ಕೇಳಬೇಕು, ಆಮೇಲೆ ಆಡಬೇಕು. ಆದರೆ ದೊಡ್ಡ ಯಂತ್ರ ಕೊಂಡ ಕೆಲವು ಮಹಾಶಯರಿಗೆ ಬಾಯಿ ಕೊಟ್ಟ ದೇವರು ಕಿವಿ ಕೊಡಲು ಮರೆತಿದ್ದ. ಅಂದೂ ಅವರದೇ ಅಬ್ಬರ. ಉಪಗ್ರಹ ಅರ್ಧ ದಾರಿ ಸವೆಸಿದರೂ ಅತ್ತಿಗೆಗೆ ಸಂದು ಸಿಗಲಿಲ್ಲ. ಪಡುವಣದ ತಂತಿಯ ಒದ್ದೆ ಬಟ್ಟೆ ಕೈಯಲ್ಲಿ ಸರಿಸುತ್ತ, ಆಂಟೆನಾ ಹಿಡಿದ ಮಣಿಕಟ್ಟು ತಿರುಗಿಸುತ್ತ ಕಾದಳು. ಅವರು ಉಸಿರೆಳೆದುಕೊಂಡ ಗಳಿಗೆಯಲ್ಲಿ ತನ್ನ ಕರೆಗುರುತು ಹೇಳಿದಳು.

"ಯಾರೋ ಹೆಣ್ಣುಮಗಳು ಕರೆದ್ರಲ್ಲ," ದ್ವೀಪದವನ ದನಿ, "ಇನ್ನೊಮ್ಮೆ ಹೇಳಿ!"

ಅತ್ತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ರೇಡಿಯೋದ ಅಬ್ಬರದಡಿ ಎಲ್ಲೋ ಒಂದು ಕ್ಷೀಣ ದನಿ ಎದ್ದು ಮುಳುಗಿತು. ವಾರದಿಂದ ಕರೆಯುತ್ತಿದ್ದ ಮುದುಕಿಯ ದನಿ ಅದು. ಯಾರೂ ಅದಕ್ಕೆ ಓಗೊಟ್ಟಿರಲಿಲ್ಲ. ಲಾಂಡ್ರಿಯ ಗದ್ದಲದಲ್ಲಿ ಪಳಗಿದ ಕಿವಿಗೆ ಮಾತ್ರ ಅದು ಸಿಕ್ಕಿತ್ತು.

"ನನಗಿಂತ ಸಣ್ಣ ದನಿಯೊಂದಿದೆ, ಮೊದಲು ಅವರಿಗೆ ಓಗೊಡಿ," ಎಂದಳು ಅತ್ತಿಗೆ. "ಉಳಿದವರು ಸ್ವಲ್ಪ ಬಾಯಿ ಮುಚ್ಚಿಕೊಳ್ತೀರಾ?"

ಅಚ್ಚರಿಗೋ ನಾಚಿಕೆಗೋ, ಅಬ್ಬರ ನಿಂತಿತು.

"ನಾನು... ಕೇಳಿಸ್ತಿದೀನಾ?"

"ಚೆನ್ನಾಗಿ ಕೇಳಿಸ್ತಿದೀರಿ ಅಮ್ಮಾ," ಎಂದ ದ್ವೀಪದವನು.

ಮುದುಕಿ ತನ್ನ ಗುರುತು, ಊರು ಎಲ್ಲ ತಡವರಿಸಿ ಹೇಳಿ ಮುಗಿಸಿ ಗಟ್ಟಿಯಾಗಿ ನಕ್ಕಳು. ಆಮೇಲೆ ದ್ವೀಪದವನು ಅತ್ತಿಗೆಯನ್ನು ಕೂಗಿದ. ಅವಳು ಉತ್ತರ ಕೊಡುವಷ್ಟರಲ್ಲಿ ಬರೀ ಸುಯ್ ಎಂಬ ಸದ್ದು. ಉಪಗ್ರಹ ಪಡುವಣದಂಚಿನಲ್ಲಿ ಮುಳುಗಿತ್ತು.

ಬಟ್ಟೆ ತೆಗೆಯಲು ಬಂದಿದ್ದ ನಾದಿನಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೋಣೆಗೆ ಇಳಿದು ಬಂದು ಭೂಪಟದ ಮುಂದೆ ಬಣ್ಣದ ಪೆನ್ಸಿಲು ಹಿಡಿದು ನಿಂತಳು. "ಅವನು ನಿಮ್ಮನ್ನ ಕೂಗಿದ್ದು ನಾನೇ ಕೇಳಿದೀನಿ. ಹಚ್ಚಿ! ಯಾರು ನೋಡೋಕೆ ಬರ್ತಾರೆ?"

"ನನ್ನ ಉತ್ತರ ಅವನಿಗೆ ಮುಟ್ಟಲಿಲ್ವಲ್ಲೇ. ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತಾ?"

"ಹಾಗಾದ್ರೆ ನಿಮಗೆ ಸಿಕ್ಕಿದ್ದೇನು, ಮಣ್ಣು?"

"ಆಯಮ್ಮ ನಕ್ಕಿದ್ದು ಕೇಳಲಿಲ್ವಾ?"

ನಾದಿನಿ ಗೊಣಗುತ್ತ ಪೆನ್ಸಿಲನ್ನು ಡಬ್ಬಿಗೆ ಹಾಕಿದಳು. ಚೌಕ ಬೆಳ್ಳಗೇ ಉಳಿಯಿತು.

ಮರುದಿನ ಸಂಜೆ ಅತ್ತಿಗೆ ತಾರಸಿ ಹತ್ತಿದಾಗ ಪಡುವಣದ ತಂತಿ ಖಾಲಿಯಿತ್ತು. ಒಗೆದ ಬಟ್ಟೆಯೆಲ್ಲ ಎದುರಿನ ನೆರಳಿನ ತಂತಿಯಲ್ಲಿ, ತುಂಬಿದ ಬಸ್ಸಿನ ಜನರಂತೆ ಒಂದರ ಮೇಲೊಂದು ಒತ್ತಿಕೊಂಡು ನಿಂತಿತ್ತು.